ಹೆದ್ದಾರಿಗೆ ಇಳಿದ ಕೂಡಲೇ ಹಳೇ ಡೀಸೆಲ್ ಕಾರು ಆಯಿಲ್ ಕುಡಿಯುವುದೇಕೆ?

ಹಳೇ ಡೀಸೆಲ್ ಕಾರು ಇಟ್ಟುಕೊಂಡವರ ಬಾಯಲ್ಲಿ ಈ ದೂರು ಬರುತ್ತಲೇ ಇರುತ್ತದೆ. ಊರೊಳಗೆ ಓಡಾಡುವಾಗ ಆಯಿಲ್ ಅಷ್ಟಾಗಿ ಇಳಿಯುವುದಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟದ ಗೆರೆಗಳಿರುವ ಕಡ್ಡಿ) ಎಳೆದು ನೋಡಿದರೆ ವಾರಗಟ್ಟಲೆ ಇದ್ದಲ್ಲೇ ಇರುತ್ತದೆ. ಅದೇ ಕಾರನ್ನು ಹೆದ್ದಾರಿಗೆ ಹಾಕಿ ನಾಲ್ಕೈದು ನೂರು ಕಿ.ಮೀ. ಒಂದೇ ಸಮ ಓಡಿಸಿ ಬನ್ನಿ. ಮೇಲಿನ ಗೆರೆಯಲ್ಲಿದ್ದ ಆಯಿಲ್ ಅರ್ಧಕ್ಕೆ ಬಂದಿರುತ್ತದೆ. ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ. ಹಿಂದೆ ಬಂದವರೂ ನೀಲಿ ಹೊಗೆ ಕಂಡಿತು ಅನ್ನುವುದಿಲ್ಲ. ಹಾಗಾದರೆ ಆಯಿಲ್ ಹೋಯಿತೆಲ್ಲಿಗೆ?

ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ. ಹೆದ್ದಾರಿಯಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ಅದಕ್ಕೇ ಜಾಸ್ತಿ ಆಯಿಲ್ ತಿನ್ನುತ್ತದೆ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಊರೊಳಗೆ ನಿಂತು ನಿಂತು ಹೋಗುವಾಗ ನಿಮ್ಮ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಐಡ್ಲಿಂಗ್ ಎಲ್ಲ ಸೇರಿ ಎಂಜಿನ್ ನಿಮಿಷಕ್ಕೆ ಸರಾಸರಿ 1500 ಸುತ್ತು. ಒಂದು ಕಿ.ಮೀ. ಹೋಗಲು 2.4 ನಿಮಿಷ ಬೇಕು, ಅಂದರೆ 3600 ಸುತ್ತು. ಈಗ ಹೆದ್ದಾರಿಗೆ ಬನ್ನಿ. ವೇಗ 100, ಎಂಜಿನ್ 3500 ಸುತ್ತು. ಒಂದು ಕಿ.ಮೀ.ಗೆ 36 ಸೆಕೆಂಡು ಸಾಕು, ಅಂದರೆ 2100 ಸುತ್ತು. ಕಿ.ಮೀ. ಲೆಕ್ಕ ಹಿಡಿದರೆ ಹೆದ್ದಾರಿಯಲ್ಲಿ ಎಂಜಿನ್ ತಿರುಗುವುದೇ ಕಡಿಮೆ! ಬರೀ ಸುತ್ತಿನ ಮಾತಾಗಿದ್ದರೆ ಆಯಿಲ್ ಖರ್ಚೂ ಕಡಿಮೆ ಆಗಬೇಕಿತ್ತು. ಆಗುತ್ತಿಲ್ಲ. ಹಾಗಾಗಿ, ಒಂದೊಂದು ಸುತ್ತಿಗೆ ಕಳೆದುಹೋಗುವ ಆಯಿಲೇ ಅಲ್ಲಿ ಜಾಸ್ತಿಯಾಗುತ್ತಿರಬೇಕು. ಅದು ಯಾಕೆ ಜಾಸ್ತಿಯಾಗುತ್ತದೆ, ಹಳೇ ಎಂಜಿನ್ನಿನಲ್ಲೇ ಯಾಕೆ ಎದ್ದು ಕಾಣುತ್ತದೆ, ಇವತ್ತು ಹೇಳಬೇಕೆಂದಿರುವುದು ಅಷ್ಟೇ.

ಮೊದಲು ಆ ಒಂದು ಸುತ್ತಿಗೆ ಹೋಗುವ ಆಯಿಲ್ ಎಷ್ಟು ಅಂತ ನೋಡಿಬಿಡೋಣ. 4 ಸಿಲಿಂಡರಿನ ಎಂಜಿನ್, ಬೋರ್ (ಸಿಲಿಂಡರಿನ ಒಳ ಅಗಲ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ) 90 ಮಿ.ಮೀ., ಸುಮಾರು 2.3 ಲೀಟರಿನದು. 1000 ಕಿ.ಮೀ.ಗೆ 1 ಲೀಟರ್ ಆಯಿಲ್ ತಿನ್ನುತ್ತದೆ. ಯಾರಿಗಾದರೂ ಗಾಬರಿ ಹುಟ್ಟಿಸುವ ಅಂಕಿ ಇದು. ಗಂಟೆಗೆ 100ರಂತೆ 1000 ಕಿ.ಮೀ. ಅಂದರೆ 10 ಗಂಟೆ. 3500ರ ಲೆಕ್ಕದಲ್ಲಿ 21 ಲಕ್ಷ ಸುತ್ತು. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲಿ ಡೀಸೆಲ್ ಉರಿಯುತ್ತದೆ. ನಾಲ್ಕೂ ಸೇರಿ 42 ಲಕ್ಷ ಸಲ. 1 ಲೀಟರ್ ಅಂದರೆ 10 ಲಕ್ಷ ಘನ ಮಿ.ಮೀ. ಭಾಗಿಸಿದರೆ ಒಂದು ಸಲಕ್ಕೆ ಹೋಗುವ ಆಯಿಲ್ 0.24 ಘನ ಮಿ.ಮೀ. ಬೆರಳ ತುದಿಯಿಂದ ತೊಟ್ಟಿಕ್ಕುವ ಒಂದು ಹನಿಯ ನೂರನೇ ಒಂದು ಪಾಲೂ ಇಲ್ಲ.

ಇನ್ನೂ ಹತ್ತಿರ ಹೋಗಿ ನೋಡಿ. ಆ ಸಿಲಿಂಡರಿನ ಒಳಗೋಡೆಯ ವಿಸ್ತೀರ್ಣ ಸುಮಾರು 25,000 ಚದರ ಮಿ.ಮೀ. ಪಿಸ್ಟನ್ ಸುತ್ತಲಿನ ರಿಂಗುಗಳು ಒರೆಸಿಕೊಂಡು ಹೋದ ಮೇಲೂ ಗೋಡೆ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪೊರೆ ಉಳಿದಿರುತ್ತದೆ. ಉಳಿಯಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. 2 ಮೈಕ್ರಾನ್ ಅಂತಿಟ್ಟುಕೊಂಡರೂ ಗೋಡೆ ಮೇಲಿರುವ ಆಯಿಲ್ 50 ಘನ ಮಿ.ಮೀ. ಅದರಲ್ಲಿ ಹೋಗುವುದು ಕಾಲು ಘನ ಮಿ.ಮೀ. ಅಂದರೆ ನೂರರಲ್ಲಿ ಅರ್ಧ ಪಾಲು. ಎಂಜಿನ್ ಇನ್ನೂ 99.5 ಪಾಲನ್ನು ಸರಿಯಾಗಿ ವಾಪಸು ಇಳಿಸುತ್ತಲೇ ಇದೆ. ನನಗಂತೂ ಈ ಲೆಕ್ಕ ನೋಡಿದ ಮೇಲೆ, ಆಯಿಲ್ ಯಾಕೆ ಹೋಗುತ್ತದೆ ಅನ್ನುವುದಕ್ಕಿಂತ ಇಷ್ಟು ಕಡಿಮೆ ಹೋಗುವುದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆ ಅನ್ನಿಸುತ್ತದೆ.

ನೀಲಿ ಹೊಗೆ ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಇಂಥ ಕಾರು 100 ಕಿ.ಮೀ.ಗೆ 8 ಲೀಟರ್ ಡೀಸೆಲ್ ಸುಡುತ್ತದೆ ಅಂದುಕೊಳ್ಳಿ. 1000 ಕಿ.ಮೀ.ಗೆ 80 ಲೀಟರ್. ಅಷ್ಟರ ಜೊತೆ 1 ಲೀಟರ್ ಆಯಿಲ್. ಎಂಜಿನ್ ಚೆನ್ನಾಗಿ ಕಾದಿರುವಾಗ 80ಕ್ಕೆ 1ರಷ್ಟಿರುವ ಈ ಆಯಿಲ್ ಬಹುಪಾಲು ಡೀಸೆಲ್ ಜೊತೆಗೇ ಉರಿದು ಹೋಗುತ್ತದೆ. ಹೊಗೆಯಿಲ್ಲ ಅಂದಮಾತ್ರಕ್ಕೆ ಆಯಿಲ್ ಉರಿಯುತ್ತಿಲ್ಲ ಅಂತ ತಿಳಿಯಬೇಡಿ.

ಈಗ ಆ ನೂರರಲ್ಲಿ ಅರ್ಧ ಪಾಲು ಯಾವ ಯಾವ ದಾರಿಯಲ್ಲಿ ಹೋಗುತ್ತದೆ ನೋಡೋಣ. ಮೊದಲನೆಯದು ಬಿಸಿ. ಊರೊಳಗೆ ಆಯಿಲ್ 80, 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೆ 110, 120 ಮುಟ್ಟುತ್ತದೆ. ಕೂಲಂಟ್ ಮೀಟರಿನ ಮುಳ್ಳು ಇದ್ದಲ್ಲೇ ಇರುತ್ತದೆ, ಯಾಕೆಂದರೆ ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ನೋಡಿಕೊಳ್ಳುತ್ತದೆ, ಆಯಿಲಿನದ್ದನ್ನಲ್ಲ. ಕೆಲವು ಹಳೇ ಡೀಸೆಲ್‌ಗಳಲ್ಲಿ ಆಯಿಲ್ ಕೂಲರ್ ಇತ್ತು, ಎಷ್ಟೋ ಕಾರುಗಳಲ್ಲಿ ಇರಲಿಲ್ಲ. ಸಾಮಾನ್ಯ 15ಡಬ್ಲ್ಯು-40 ದರ್ಜೆಯ ಆಯಿಲ್ 90 ಡಿಗ್ರಿಯಿಂದ 120ಕ್ಕೆ ಹೋದರೆ ಅದರ ಗಟ್ಟಿತನ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗೆ ತೆಳುವಾದ ಆಯಿಲ್ ಸವೆದ ಸಂದುಗಳಲ್ಲೆಲ್ಲ ಸಲೀಸಾಗಿ ನುಸುಳುತ್ತದೆ. ಜೊತೆಗೆ ಆವಿಯಾಗುವುದೂ ಜಾಸ್ತಿ. ಮೇಲಿನ ರಿಂಗಿನ ಹತ್ತಿರ ಲೋಹವೇ 200 ಡಿಗ್ರಿ ದಾಟಿರುತ್ತದೆ. ಅಲ್ಲಿಗೆ ಮುಟ್ಟಿದ ಆಯಿಲಿನ ಹಗುರ ಭಾಗ ಹಬೆಯಾಗಿ ಹೋಗುತ್ತದೆ. ಆಯಿಲ್ ಎಷ್ಟು ಆವಿಯಾಗುತ್ತದೆ ಅಂತ ಅಳೆಯಲು ನೋಆಕ್ ಪರೀಕ್ಷೆ ಅಂತ ಒಂದಿದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತೂಕ ನೂರಕ್ಕೆ ಎಷ್ಟು ಕಡಿಮೆಯಾಯಿತು ಅಂತ ನೋಡುತ್ತಾರೆ. ಬಹಳಷ್ಟು ಯುರೋಪಿನ ದರ್ಜೆಗಳಲ್ಲಿ ಇದು 13 ಮೀರುವಂತಿಲ್ಲ. ಒಂದೇ ದರ್ಜೆಯ ಎರಡು ಆಯಿಲ್‌ಗಳಲ್ಲಿ ಈ ಅಂಕಿ ಬೇರೆ ಬೇರೆ ಇರಬಹುದು, ಹೆದ್ದಾರಿಯಲ್ಲಿ ಅದರ ಫಲ ಕಾಣುತ್ತದೆ.

ಎರಡನೆಯದು ರಿಂಗ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಹಳೇ ಎಂಜಿನ್ನಿನ ಬಹುಪಾಲು ಕಥೆ ಇರುವುದು ಇಲ್ಲೇ.

ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನ ಎರಡು ಗಾಳಿಯ ಒತ್ತಡ ಹಿಡಿದಿಡುವ ಕಂಪ್ರೆಶನ್ ರಿಂಗ್, ಕೆಳಗಿನದು ಆಯಿಲ್ ರಿಂಗ್. ಆಯಿಲ್ ರಿಂಗ್ ಗೋಡೆಯಿಂದ ಒರೆಸಿದ ಆಯಿಲ್ ಅದರ ಹಿಂದಿರುವ ಸಣ್ಣ ತೂತುಗಳ ಮೂಲಕ ಪಿಸ್ಟನ್ ಒಳಗೆ ಇಳಿದು ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಬೀಳುತ್ತದೆ. ಹಳೇ ಎಂಜಿನ್ನಿನಲ್ಲಿ ಈ ತೂತುಗಳಲ್ಲಿ ಕಾರ್ಬನ್ ತುಂಬಿಕೊಂಡಿರುತ್ತದೆ. ಊರೊಳಗಿನ ವೇಗಕ್ಕೆ ಉಳಿದ ತೂತುಗಳು ಸಾಕಾಗುತ್ತವೆ. ಹೆದ್ದಾರಿಯಲ್ಲಿ ಸಾಕಾಗುವುದಿಲ್ಲ. ಪಿಸ್ಟನ್ ರಾಡನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಳದಲ್ಲಿ ತಿರುಗುವ ಶಾಫ್ಟಿಗೆ) ಜೋಡಿಸುವ ಬಿಗ್ ಎಂಡ್ ಬೇರಿಂಗುಗಳು ಸವೆದಿದ್ದರೆ ಕ್ರ್ಯಾಂಕ್ ಎಸೆಯುವ ಆಯಿಲ್ ಆಗ ಜಾಸ್ತಿ, ಅದು ಕೆಳಗಿಳಿಯಲು ಸಿಗುವ ಸಮಯ ಕಡಿಮೆ. ಇಳಿಯಲಾಗದ ಆಯಿಲ್ ರಿಂಗಿನ ಕೆಳಗೆ ಒತ್ತರಿಸಿಕೊಂಡು, ಕೊನೆಗೆ ಅದನ್ನು ದಾಟಿ ಮೇಲೆ ಹೋಗುತ್ತದೆ.

ಅದರ ಮೇಲೆ ರಿಂಗ್ ತಾನೇ ಗ್ರೂವಿನಲ್ಲಿ, ಅಂದರೆ ಪಿಸ್ಟನ್ ಮೇಲೆ ತಾನು ಕೂರುವ ಕಾಲುವೆಯಲ್ಲಿ, ಕುಣಿಯುವುದು ಬೇರೆ. ಪಿಸ್ಟನ್ ಮೇಲಕ್ಕೆ ಹೋಗಿ ತುದಿಯಲ್ಲಿ ತಿರುಗುವಾಗ ರಿಂಗ್ ಮೇಲಕ್ಕೇ ಹೋಗಲು ನೋಡುತ್ತದೆ. ಎಷ್ಟು ಜೋರಾಗಿ ಅಂತೀರಾ? ನಾನು ಹೇಳಿದ 90 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ 2000 ಸುತ್ತಿಗೆ ಆ ಎಳೆತ ರಿಂಗಿನ ತೂಕದ 250 ಪಟ್ಟಿಗಿಂತ ತುಸು ಜಾಸ್ತಿ. 3500 ಸುತ್ತಿಗೆ ಸುಮಾರು 790 ಪಟ್ಟು. ಸುತ್ತು ಮುಕ್ಕಾಲು ಪಟ್ಟು ಏರಿದ್ದಕ್ಕೆ ಎಳೆತ ಮೂರು ಪಟ್ಟು! 20 ಗ್ರಾಂ ತೂಗುವ ರಿಂಗ್ ಅಲ್ಲಿ ಸುಮಾರು 16 ಕಿಲೋ ಭಾರದ ಹಾಗೆ ಆಡುತ್ತದೆ. ಕಂಪ್ರೆಶನ್ ಸ್ಟ್ರೋಕಿನಲ್ಲಿ ಮೇಲಿನ ಗಾಳಿಯ ಒತ್ತಡ ಅದನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ, ತೊಂದರೆಯಿಲ್ಲ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಆ ಒತ್ತಡ ಇರುವುದಿಲ್ಲ. ರಿಂಗ್ ಎದ್ದು ಗ್ರೂವಿನ ಮೇಲ್ಗಡೆಗೆ ಬಡಿಯುತ್ತದೆ, ಮತ್ತೆ ಕೆಳಗೆ ಕೂರುತ್ತದೆ. ಹೊಸ ಎಂಜಿನ್ನಿನಲ್ಲಿ ಗ್ರೂವಿನ ಸಂದು ಮಿ.ಮೀ.ನ ನೂರನೇ ಕೆಲವು ಪಾಲು ಮಾತ್ರ. ಸವೆದ ಗ್ರೂವಿನಲ್ಲಿ ಅದರ ಎರಡು ಮೂರು ಪಟ್ಟಾಗಿರುತ್ತದೆ. ರಿಂಗ್ ಏಳುವಾಗ ಕೆಳಗೆ ಆಯಿಲ್ ಸೇರುತ್ತದೆ, ಕೂರುವಾಗ ಅದು ಹಿಂಡಿಕೊಂಡು ಹಿಂಭಾಗದಿಂದ ಮೇಲೆ ಹೋಗುತ್ತದೆ. ರಿಂಗೇ ಒಂದು ಪಂಪ್ ಆಗಿಬಿಡುತ್ತದೆ.

ಡೀಸೆಲ್ ಮಸಿಯನ್ನೂ ಇಲ್ಲಿ ಮರೆಯಬಾರದು. ಮಸಿ ಆಯಿಲಿಗೆ ಸೇರಿ ವರ್ಷಗಟ್ಟಲೆ ಬೋರನ್ನು ಉಜ್ಜುತ್ತದೆ. ಹೋನಿಂಗ್ ಮಾಡಿದಾಗ (ಬೋರನ್ನು ಉಜ್ಜಿ ಅಳತೆಗೆ ತರುವಾಗ) ಬಿದ್ದ ಅಡ್ಡಗೆರೆಗಳು ಮಾಯವಾಗಿ ಬೋರ್ ಕನ್ನಡಿಯಂತೆ ಹೊಳೆಯುತ್ತದೆ. ನೋಡಲು ಚೆಂದ, ಎಂಜಿನ್ನಿಗೆ ಕೆಡುಕು. ಆಯಿಲನ್ನು ಒಂದೇ ಸಮ ಹಂಚಿ ಹಿಡಿದಿಡುತ್ತಿದ್ದ ಗೆರೆಗಳೇ ಇಲ್ಲದ ಮೇಲೆ ರಿಂಗಿಗೆ ಹಿಡಿತ ಸಿಗುವುದಿಲ್ಲ. ಬರೀ ಊರೊಳಗೆ ಮೆತ್ತಗೆ ಓಡಿಸಿದ ಕಾರುಗಳಲ್ಲಿ ಇನ್ನೊಂದು ತಾಪತ್ರಯ. ರಿಂಗ್ ಕಾರ್ಬನ್ನಿನಲ್ಲಿ ಅಂಟಿಕೊಂಡು ಗ್ರೂವಿನಲ್ಲಿ ಆಡುವುದೇ ಇಲ್ಲ. ಅಂಥ ಕಾರು ಮೊದಲ ಹೆದ್ದಾರಿ ಪ್ರಯಾಣದಲ್ಲಿ ಬಹಳ ಆಯಿಲ್ ತಿಂದು, ಆಮೇಲೆ ಸುಧಾರಿಸುವುದೂ ಉಂಟು, ಬಿಸಿಗೆ ರಿಂಗ್ ಬಿಟ್ಟುಕೊಂಡರೆ. ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಮೂರನೆಯದು ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಅನ್ನುತ್ತಾರಲ್ಲ, ಅದು. ಹಳೇ ಡೀಸೆಲ್‌ಗಳಲ್ಲಿ ಕಂಪ್ರೆಶನ್ ಅನುಪಾತ 20ರಿಂದ 23ಕ್ಕೆ 1 ಇರುತ್ತಿತ್ತು. ಅಷ್ಟು ಒತ್ತಡದ ಗಾಳಿಯಲ್ಲಿ ಒಂದಷ್ಟು ರಿಂಗುಗಳ ಸಂದಿಯಿಂದ ಕೆಳಗೆ ಚೇಂಬರಿಗೆ ನುಗ್ಗುತ್ತದೆ. ಹೊಸ ಎಂಜಿನ್ನಿನಲ್ಲೂ ನುಗ್ಗುತ್ತದೆ, ಹಳೆಯದರಲ್ಲಿ ಜಾಸ್ತಿ. ಈ ಗಾಳಿ ಹೊರಗೆ ಹೋಗಲೇಬೇಕು, ಅದಕ್ಕೇ ಬ್ರೀದರ್ ಇರುವುದು. ಕೆಳಗೆ ಕ್ರ್ಯಾಂಕ್ ಆಯಿಲನ್ನು ಮಂಜಿನಂತೆ ಚಿಮ್ಮಿಸುತ್ತಿರುತ್ತದೆ, ಹೊರಗೆ ಹೋಗುವ ಗಾಳಿ ಆ ಮಂಜನ್ನು ಹೊತ್ತೊಯ್ಯುತ್ತದೆ. ಗಾಳಿ ನಿಧಾನವಾಗಿದ್ದರೆ ದಾರಿಯಲ್ಲಿನ ತಟ್ಟೆ, ಜಾಲರಿಗಳಿಗೆ ತಾಗಿ ಆಯಿಲ್ ವಾಪಸು ಬೀಳುತ್ತದೆ. ವೇಗ ಒಂದು ಮಟ್ಟ ದಾಟಿತೋ, ಹನಿಗಳಿಗೆ ಇಳಿಯಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಬ್ರೀದರಿನಿಂದ ಹೋಗುವ ಆಯಿಲ್ ವೇಗದ ಜೊತೆ ಸ್ವಲ್ಪ ಸ್ವಲ್ಪವೇ ಏರುವುದಿಲ್ಲ. 90ರವರೆಗೆ ಸುಮ್ನೆ ಇದ್ದು 110ಕ್ಕೆ ಏಕಾಏಕಿ ಶುರುವಾಗಬಹುದು.

ಎಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನಲ್ಲೂ ಇದೇ ಗೋಳು. ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಹತ್ತಿದ ಆಯಿಲ್ ಕೆಳಗಿಳಿಯುವ ತೂತುಗಳಲ್ಲಿ ಕೊಳೆ ಕಟ್ಟಿರುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಅದೇ ತೂತಿನಿಂದ ಬ್ಯಾಕ್ ಕಂಪ್ರೆಶನ್ ಮೇಲೆ ಬರುತ್ತಿರುತ್ತದೆ. ಇಳಿಯುವುದಕ್ಕೂ ಹತ್ತುವುದಕ್ಕೂ ಒಂದೇ ದಾರಿ. ಆಯಿಲ್ ಮೇಲೆಯೇ ನಿಂತು, ಬ್ರೀದರಿನ ಬಾಯಿಗೆ ದ್ರವವಾಗಿಯೇ ಸಿಗುತ್ತದೆ.

ಬಹಳ ಹಿಂದಿನ ಎಂಜಿನ್ನುಗಳಲ್ಲಿ ಬ್ರೀದರ್ ಒಂದು ಬರೀ ಕೊಳವೆ, ಕಾರಿನ ತಳದಲ್ಲಿ ನೆಲಕ್ಕೆ ಮುಖ ಮಾಡಿಕೊಂಡು ತೆರೆದಿರುತ್ತಿತ್ತು. ಕಾರು ಓಡುವಾಗ ಕೆಳಗೆ ಬೀಸುವ ಗಾಳಿಯೇ ಅದನ್ನು ಹೀರುತ್ತಿತ್ತು. ವೇಗ ಜಾಸ್ತಿಯಾದಷ್ಟೂ ಹೀರುವುದೂ ಜಾಸ್ತಿ. ಆಯಿಲ್ ನೇರ ರಸ್ತೆಗೆ! ಆಮೇಲೆ ಬ್ರೀದರನ್ನು ಏರ್ ಫಿಲ್ಟರಿನ ಆಚೆಗಿನ ಕೊಳವೆಗೆ ಜೋಡಿಸಿದರು. ರಸ್ತೆ ಚೊಕ್ಕಟವಾಯಿತು, ಆಯಿಲ್ ಎಂಜಿನ್ನಿನ ಹೊಟ್ಟೆಗೆ ಹೋಯಿತು. ಇದರಿಂದ ಒಂದು ಕಾಣದ ತೊಡಕು ಬಂತು. ಫಿಲ್ಟರ್ ಕಟ್ಟಿಕೊಂಡಿದ್ದರೆ ಎಂಜಿನ್ ಗಾಳಿ ಸಿಗದೆ ಬ್ರೀದರ್ ಕಡೆಯಿಂದ ಜೋರಾಗಿ ಎಳೆಯುತ್ತದೆ. ಎಂಜಿನ್ ಎಳೆಯುವ ಗಾಳಿ ಎರಡು ಪಟ್ಟಾದರೆ ಈ ಹೀರಿಕೆ ನಾಲ್ಕು ಪಟ್ಟಿನವರೆಗೂ ಏರಬಹುದು. ಊರೊಳಗೆ ತೊಂದರೆ ಕೊಡದ ಕೊಳಕು ಫಿಲ್ಟರ್ ಹೆದ್ದಾರಿಯಲ್ಲಿ ಆಯಿಲ್ ಹೀರುವ ಯಂತ್ರವಾಗುತ್ತದೆ. ಫಿಲ್ಟರ್ ಬದಲಿಸಿದ್ದಕ್ಕೇ ಆಯಿಲ್ ಖರ್ಚು ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ ನಗಬೇಡಿ, ಅದರಲ್ಲಿ ಸತ್ಯವಿದೆ.

ಮಾತು ಬಂದಿತು ಅಂತ ಒಂದು ಎಚ್ಚರಿಕೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಬೇಡ. ಬಿಸಿ ಗಾಳಿಗೆ ಸಿಕ್ಕ ಆಯಿಲೂ ಅದಕ್ಕೆ ಡೀಸೆಲ್ಲೇ. ಬ್ರೀದರಿನಿಂದಲೋ ಕೆಟ್ಟ ಟರ್ಬೊದಿಂದಲೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಒಮ್ಮೆಲೇ ಜಾಸ್ತಿ ಆಯಿಲ್ ನುಗ್ಗಿದರೆ ಎಂಜಿನ್ ಕೈಗೆ ಸಿಗದೆ ಏರುತ್ತಾ ಹೋಗುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಯಾಕೆಂದರೆ ಕೀ ನಿಲ್ಲಿಸುವುದು ಡೀಸೆಲನ್ನು, ಆಯಿಲನ್ನಲ್ಲ. ಗಾಳಿ ಬಂದ್ ಆದರೆ ನಿಲ್ಲುತ್ತದೆ. ಮ್ಯಾನ್ಯುಯಲ್ ಗೇರಿನ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಬಾನೆಟ್ ತೆಗೆದು ಹತ್ತಿರ ಬಗ್ಗಬಾರದು. ತೀರಾ ಅಪರೂಪ, ಆದರೆ ಗೊತ್ತಿರಲಿ.

ಟರ್ಬೊ ವಿಷಯ ಹೇಳಿಬಿಡುತ್ತೇನೆ. ಮಾರಾಟಕ್ಕೆ ಬಂದ ಮೊದಲ ಟರ್ಬೊ ಡೀಸೆಲ್ ಕಾರು 1978ರ ಮರ್ಸಿಡಿಸ್ 300 ಎಸ್‌ಡಿ. ಅಲ್ಲಿಂದ ಮುಂದೆ ಆಯಿಲ್ ತಪ್ಪಿಸಿಕೊಳ್ಳಲು ಇನ್ನೊಂದು ಬಾಗಿಲು ತೆರೆಯಿತು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಅದರಲ್ಲಿ ರಬ್ಬರ್ ಸೀಲ್ ಇಲ್ಲ, ಸಣ್ಣ ಲೋಹದ ರಿಂಗ್ ಇರುತ್ತದೆ. ಅದರೊಳಗಿನ ಆಯಿಲ್ ತನ್ನ ಭಾರಕ್ಕೇ ಕೆಳಗಿಳಿದು ಚೇಂಬರಿಗೆ ಬರಬೇಕು. ಚೇಂಬರಿನಲ್ಲಿ ಬ್ಯಾಕ್ ಕಂಪ್ರೆಶನ್ ಜಾಸ್ತಿಯಿದ್ದರೆ ಇಳಿಯುವುದಿಲ್ಲ, ಸೀಲ್ ದಾಟಿ ಹೊರಗೆ ಬರುತ್ತದೆ. ಎಷ್ಟೋ ಸಲ ಟರ್ಬೊ ಬದಲಿಸಿದರೂ ಹೊಸ ಟರ್ಬೊ ಆಯಿಲ್ ಕಾರುವುದು ಇದಕ್ಕೇ. ತಪ್ಪು ರಿಂಗಿನದು, ಬೈಗುಳ ಟರ್ಬೊಗೆ.

ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ವಾಲ್ವ್ ಸೀಲ್ ಬಗ್ಗೆ ಇಲ್ಲಿ ನನ್ನದೊಂದು ತಕರಾರಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕೈ ಪಳಗಿದವರು ಆಯಿಲ್ ಇಳಿಯಿತು ಅಂದ ತಕ್ಷಣ ಮೊದಲು ವಾಲ್ವ್ ಸೀಲ್ ಬದಲಿಸಲು ಹೊರಡುತ್ತಾರೆ. ಪೆಟ್ರೋಲಿನಲ್ಲಿ ಅದಕ್ಕೆ ಕಾರಣವಿದೆ. ಕಾಲು ತೆಗೆದ ಕೂಡಲೇ ಗಾಳಿ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿ ಒಳಗೆ ನಿರ್ವಾತ ಹುಟ್ಟುತ್ತದೆ, ಅದು ವಾಲ್ವ್ ಕಡ್ಡಿ ಆಡುವ ಗೈಡಿನಿಂದ ಆಯಿಲ್ ಹೀರುತ್ತದೆ. ಹಳೇ ಡೀಸೆಲ್‌ಗಳಲ್ಲಿ ಹೆಚ್ಚಿನವಕ್ಕೆ ಥ್ರಾಟಲ್ಲೇ ಇಲ್ಲ, ಆ ನಿರ್ವಾತವೂ ಇಲ್ಲ. ಅದಿಲ್ಲದ್ದಕ್ಕೇ ಡೀಸೆಲ್ ಕಾರುಗಳಲ್ಲಿ ಬ್ರೇಕಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಟ್ಟಿರುವುದು. ಗಾಳಿಯ ಹೀರಿಕೆಯಿಂದ ಡೀಸೆಲ್ ಪ್ರಮಾಣ ನಿಯಂತ್ರಿಸುವ ನ್ಯೂಮ್ಯಾಟಿಕ್ ಗವರ್ನರ್ ಇದ್ದ ಕೆಲವು ಹಳೇ ಎಂಜಿನ್ನುಗಳಲ್ಲಿ ಗಾಳಿ ದಾರಿಗೆ ಒಂದು ಫ್ಲ್ಯಾಪ್ ಇತ್ತು, ಅವು ಬೇರೆ. ಟರ್ಬೊ ಡೀಸೆಲ್ ಆದರಂತೂ ಹೆದ್ದಾರಿಯಲ್ಲಿ ಇನ್‌ಟೇಕ್ ಕಡೆ ಒತ್ತಡವಿರುತ್ತದೆ, ಆಯಿಲನ್ನು ಹೀರುವುದಿರಲಿ, ವಾಪಸು ತಳ್ಳುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟರೆ ವಾಲ್ವ್ ಸೀಲ್ ಅನ್ನಿ, ಒಪ್ಪುತ್ತೇನೆ. ಹೆದ್ದಾರಿಯಲ್ಲಿ ಮಾತ್ರ ಇಳಿಯುವ ಆಯಿಲಿಗೆ ಅದನ್ನು ದೂರುವುದು ಕಡೆಯ ಮಾತು.

ವ್ಯಾಕ್ಯೂಮ್ ಪಂಪಿನದ್ದೂ ಒಂದು ಕಿತಾಪತಿಯಿದೆ. ಅದು ಎಳೆದ ಗಾಳಿಯನ್ನು ಸಾಮಾನ್ಯವಾಗಿ ಎಂಜಿನ್ನಿನೊಳಗೇ ಬಿಡುತ್ತದೆ. ಯಾವುದೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೆ ಪಂಪ್ ಹೊತ್ತೂ ಹೊತ್ತೂ ಹೊರಗಿನ ಗಾಳಿ ಎಳೆದು ಚೇಂಬರಿಗೆ ತುಂಬುತ್ತಿರುತ್ತದೆ. ರಿಂಗ್ ಚೆನ್ನಾಗಿದ್ದರೂ ಬ್ಯಾಕ್ ಕಂಪ್ರೆಶನ್ ಇದ್ದಂತೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಹಳೇ ಕಾರುಗಳಿಗೇ ಯಾಕೆ ಇಷ್ಟು ತೊಂದರೆ ಅಂತ ಕೇಳಬಹುದು. ಸವೆತ ಒಂದು ಕಾರಣ. ಇನ್ನೊಂದು ಕಾರಣ ಅವನ್ನು ಕಟ್ಟಿದ ರೀತಿ. 1936ರಲ್ಲಿ ಬಂದ ಮರ್ಸಿಡಿಸ್ 260 ಡಿ ನೋಡಿ, 45 ಅಶ್ವಶಕ್ತಿ. ಬಹಳಷ್ಟು ಟ್ಯಾಕ್ಸಿಗಳಾಗಿಯೇ ಓಡಿದವು. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್, 1.5 ಲೀಟರ್, 50 ಅಶ್ವಶಕ್ತಿ. ಇವುಗಳ ಹೆಗ್ಗಳಿಕೆ ಕಡಿಮೆ ಡೀಸೆಲ್, ದೀರ್ಘ ಬಾಳಿಕೆ. ಈಗ ಗಾಳಿಯ ತಡೆಯ ಲೆಕ್ಕ ಹಾಕಿ. ವೇಗ 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ 1.9 ಪಟ್ಟು. ಅದನ್ನು ಮೀರಿ ಹೋಗಲು ಬೇಕಾದ ಶಕ್ತಿ 2.6 ಪಟ್ಟು. 150 ಅಶ್ವಶಕ್ತಿಯ ಈಗಿನ ಡೀಸೆಲ್ ಕಾರಿಗೆ 110 ಅಂದರೆ ಹಗುರ ನಡಿಗೆ. 6ನೇ ಗೇರಿನಲ್ಲಿ 2000 ಸುತ್ತಿನ ಆಸುಪಾಸಿನಲ್ಲಿ ಹೋಗುತ್ತದೆ. 50 ಅಶ್ವಶಕ್ತಿಯ ಕಾರು, ಅದೂ 4 ಗೇರಿನದ್ದು, ಅಷ್ಟೇ ವೇಗಕ್ಕೆ ತನ್ನ ಶಕ್ತಿಯ ದೊಡ್ಡ ಪಾಲನ್ನೇ ಹಾಕುತ್ತಿರುತ್ತದೆ. ಪೆಡಲ್ ಬಹಳಷ್ಟು ಒತ್ತಿರಬೇಕಾಗುತ್ತದೆ, ಸುತ್ತು 3500 ದಾಟಿರುತ್ತದೆ. ಬಿಸಿ, ರಿಂಗಿನ ಕುಣಿತ, ಬ್ಯಾಕ್ ಕಂಪ್ರೆಶನ್, ಎಲ್ಲ ಒಟ್ಟಿಗೆ ಮೇಲಕ್ಕೆ. ಒಂದು ಮತ್ತೊಂದನ್ನು ಹೆಚ್ಚಿಸುತ್ತದೆ. ಬ್ಯಾಕ್ ಕಂಪ್ರೆಶನ್ನಿನ ಬಿಸಿ ಗಾಳಿ ಆಯಿಲನ್ನು ಕಾಯಿಸುತ್ತದೆ, ಕಾದ ಆಯಿಲ್ ತೆಳುವಾಗುತ್ತದೆ, ತೆಳು ಆಯಿಲ್ ರಿಂಗನ್ನು ಸರಿಯಾಗಿ ಮುಚ್ಚುವುದಿಲ್ಲ, ಮತ್ತೆ ಬ್ಯಾಕ್ ಕಂಪ್ರೆಶನ್. ನಾನು ಮೊದಲು ಹೇಳಿದ ಸುತ್ತಿಗೆ ಇಷ್ಟು ಅನ್ನುವ ಲೆಕ್ಕ ಹೆದ್ದಾರಿಯಲ್ಲಿ ಕೆಡುವುದು ಇಲ್ಲೇ.

ಇನ್ನೊಂದು ವಿಷಯ, ಇದು ಸ್ವಲ್ಪ ಕಣ್ಕಟ್ಟು. ಊರೊಳಗೆ ಆಯಿಲ್ ಇಳಿಯಲೇ ಇಲ್ಲ ಅಂದಿರಲ್ಲ, ಅದನ್ನೂ ಪೂರ್ತಿ ನಂಬಬೇಡಿ. ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ. ಉರಿಯದ ಡೀಸೆಲ್, ನೀರಿನ ಹಬೆ ಆಯಿಲಿಗೆ ಸೇರುತ್ತವೆ. ಆಯಿಲ್ ಒಂದು ಕಡೆ ಇಳಿಯುತ್ತಿರುತ್ತದೆ, ಇವು ಇನ್ನೊಂದು ಕಡೆ ತುಂಬುತ್ತಿರುತ್ತವೆ. ಡಿಪ್‌ಸ್ಟಿಕ್ ಮೇಲೆ ಗೆರೆ ಅಲ್ಲೇ. ಹೆದ್ದಾರಿಯ ಬಿಸಿಗೆ ನೀರು ಪೂರ್ತಿ, ಡೀಸೆಲಿನ ಹಗುರ ಭಾಗ ಒಂದಿಷ್ಟು ಆವಿಯಾಗಿ ಹೋಗುತ್ತದೆ. ತಿಂಗಳುಗಟ್ಟಲೆ ಅಡಗಿದ್ದ ಕೊರತೆ ಒಂದೇ ದಿನ ಬಯಲಾಗುತ್ತದೆ. ಅದಕ್ಕೇ ನಾನು ಹೇಳುವುದು, ಒಂದು ಪ್ರಯಾಣದ ಲೆಕ್ಕ ಹಿಡಿದು ಎಂಜಿನ್ ಇಳಿಸಬೇಡಿ. ಒಂದು ಹೆದ್ದಾರಿ ಪ್ರಯಾಣ ಮುಗಿಸಿ, ಭರ್ತಿ ಮಾಡಿ, ಎರಡನೆಯದರಲ್ಲಿ ಎಷ್ಟು ಇಳಿಯಿತು ನೋಡಿ. ಅಳೆಯುವಾಗ ಪ್ರತಿ ಸಲವೂ ಸಮತಟ್ಟು ಜಾಗ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ. ನಿಲ್ಲಿಸಿದ ಕೂಡಲೇ ಎಳೆದರೆ ಹೆಡ್ಡಿನಲ್ಲಿರುವ ಆಯಿಲ್ ಇನ್ನೂ ಇಳಿದಿರುವುದಿಲ್ಲ, ಸುಮ್ನೆ ಕಡಿಮೆ ತೋರಿಸುತ್ತದೆ.

ಕಡಿಮೆ ತೋರಿಸಿತು ಅಂತ ಮೇಲಿನ ಗೆರೆ ದಾಟಿಸಿ ಸುರಿಯುವವರೂ ಇದ್ದಾರೆ, ದೂರದ ಪ್ರಯಾಣ, ಇರಲಿ ಅಂತ. ಅದು ಇರುವುದಿಲ್ಲ. ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆಯೆಬ್ಬಿಸುತ್ತದೆ, ನೊರೆ ಬ್ರೀದರಿಗೆ ಹೋಗುತ್ತದೆ. ಎಷ್ಟೋ ಹಳೇ ಎಂಜಿನ್ನುಗಳು ಮೇಲಿನ ಕಾಲು ಭಾಗವನ್ನು ಬೇಗ ಕಳೆದುಕೊಂಡು, ಆಮೇಲೆ ಅರ್ಧದಲ್ಲಿ ನಿಧಾನವಾಗುತ್ತವೆ. ಅಂಥದ್ದಕ್ಕೆ ಎರಡು ಗೆರೆಗಳ ನಡುವೆ ಮುಕ್ಕಾಲಿಗೆ ನಿಲ್ಲಿಸಿದರೆ ಸಾಕು.

ಸೋರಿಕೆಯನ್ನೂ ಹೀಗೆಯೇ ಅಂದಾಜು ಮಾಡಬೇಕು. ನಿಂತಾಗ ತೊಟ್ಟಿಕ್ಕದ ಕ್ರ್ಯಾಂಕ್ ಸೀಲ್, ಒಳಗೆ ಒತ್ತಡ ಏರಿದಾಗ ಮಾತ್ರ ಸೋರಬಹುದು. ಗಾಳಿ ಅದನ್ನು ತಳದುದ್ದಕ್ಕೂ ಹಿಂದಕ್ಕೆ ಹರಡುತ್ತದೆ. ನೆಲ ನೋಡಬೇಡಿ, ಪ್ರಯಾಣ ಮುಗಿದ ಮೇಲೆ ಗೇರ್‌ಬಾಕ್ಸಿನ ತಳ, ಸೈಲೆನ್ಸರ್ ಪೈಪಿನ ಮೇಲ್ಭಾಗ ನೋಡಿ.

ಪರೀಕ್ಷೆ ಅಂತ ಹೊರಟರೆ ಖರ್ಚಿಲ್ಲದ್ದರಿಂದ ಶುರು ಮಾಡಿ. ಏರ್ ಫಿಲ್ಟರ್. ಬ್ರೀದರ್ ಪೈಪ್ ತೆಗೆದು ಒಳಗೆ ಎಷ್ಟು ಒದ್ದೆಯಿದೆ ಅಂತ ನೋಡುವುದು. ಎಂಜಿನ್ ಕಾದಿರುವಾಗ ಐಡ್ಲಿಂಗಿನಲ್ಲಿ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಇಟ್ಟು ನೋಡುವುದು. ತುಸು ಅಲುಗಾಡಿದರೆ ಹಳೇ ಡೀಸೆಲಿಗೆ ಅದು ಸಹಜ, ಎದ್ದು ಹಾರಿದರೆ ಯೋಚಿಸಬೇಕು. ಆಮೇಲೆ ಕಂಪ್ರೆಶನ್ ಪರೀಕ್ಷೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕಂಪ್ರೆಶನ್ ಚೆನ್ನಾಗಿದೆ, ಹಾಗಾಗಿ ರಿಂಗ್ ಸರಿಯಿದೆ ಅಂದುಬಿಡುತ್ತಾರೆ. ಕಂಪ್ರೆಶನ್ ಹಿಡಿಯುವುದು ಮೇಲಿನ ಎರಡು ರಿಂಗ್. ಆಯಿಲ್ ರಿಂಗ್ ಪೂರ್ತಿ ಕಟ್ಟಿಕೊಂಡಿದ್ದರೂ ಮೀಟರಿಗೆ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಬೋರಿನಲ್ಲಿ ಜಾಸ್ತಿ ಆಯಿಲ್ ಇದ್ದರೆ ಅದೇ ಸಂದು ಮುಚ್ಚಿ ಕಂಪ್ರೆಶನ್ ಇನ್ನೂ ಚೆನ್ನಾಗಿ ಕಾಣಬಹುದು.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಬ್ರೀದರಿನಿಂದ ಆಯಿಲ್ ಬರುತ್ತದೆ ಅಂತ ಅದನ್ನು ಮುಚ್ಚಬೇಡಿ. ಹೋಗಲು ದಾರಿಯಿಲ್ಲದ ಒತ್ತಡ ಸೀಲುಗಳನ್ನು ಕಿತ್ತುಕೊಂಡು ಹೊರಗೆ ಬರುತ್ತದೆ.

ಆಯಿಲ್ ದರ್ಜೆಯ ಮಾತು. ದರ್ಜೆಯ ಕೊನೆಯ ಅಂಕಿ ಬಿಸಿಯಲ್ಲಿನ ಗಟ್ಟಿತನ ಹೇಳುತ್ತದೆ. 100 ಡಿಗ್ರಿಯಲ್ಲಿ 30ರ ದರ್ಜೆಯ ಗಟ್ಟಿತನ 9.3ರಿಂದ 12.5, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9 ಸೆಂಟಿಸ್ಟೋಕ್ಸ್ (ಗಟ್ಟಿತನದ ಅಳತೆ). 40 ಬೇಡುವ ಹಳೇ ಎಂಜಿನ್ನಿಗೆ ಹೊಸದು ಒಳ್ಳೆಯದು ಅಂತ 5ಡಬ್ಲ್ಯು-30 ಹಾಕಿದರೆ ಹೆದ್ದಾರಿಯಲ್ಲಿ ಇಳಿಯದೆ ಇನ್ನೇನಾಗುತ್ತದೆ? ಕೈಪಿಡಿ ಒಪ್ಪಿದರೆ ಸವೆದ ಎಂಜಿನ್ನಿಗೆ 20ಡಬ್ಲ್ಯು-50 ಹಾಕಿ ನೋಡಬಹುದು. ರಿಂಗ್ ರಿಪೇರಿ ಆಗುವುದಿಲ್ಲ, ಖರ್ಚು ತಗ್ಗಬಹುದು.

ಅದಕ್ಕಿಂತ ಫಲ ಕೊಡುವುದು ನಿಮ್ಮ ಬಲಗಾಲು. 110ರ ಬದಲು 95ರಲ್ಲಿ ಹೋಗಿ. ರಿಂಗಿನ ಎಳೆತ ಕಾಲು ಭಾಗ ಕಡಿಮೆಯಾಗುತ್ತದೆ. ಗಾಳಿಯ ತಡೆ ಮೀರಲು ಬೇಕಾದ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಬ್ರೀದರ್ ಆ ಮಟ್ಟ ದಾಟದೆ ಉಳಿದರೆ ಆಯಿಲ್ ಖರ್ಚು ಅರ್ಧಕ್ಕಿಂತ ಕೆಳಗೆ ಬಂದರೂ ಆಶ್ಚರ್ಯವಿಲ್ಲ.

ಎಷ್ಟು ಇಳಿದರೆ ಎಂಜಿನ್ ಬಿಚ್ಚಬೇಕು? ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 1000 ಕಿ.ಮೀ.ಗೆ ಅರ್ಧ ಲೀಟರಿನಿಂದ 1 ಲೀಟರಿನವರೆಗೆ ಮಿತಿ ಕೊಟ್ಟಿರುತ್ತಾರೆ. ಅದರೊಳಗಿದ್ದು, ಎಳೆತ ಚೆನ್ನಾಗಿದ್ದು, ಸ್ಟಾರ್ಟಿಂಗ್ ಸಲೀಸಾಗಿದ್ದರೆ ನಾನಂತೂ ಬಿಚ್ಚಲು ಹೇಳುವುದಿಲ್ಲ. ಮಿತಿ ದಾಟಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಬರೀ ರಿಂಗ್ ಹಾಕಿಸಿ ಸುಮ್ಮನಾಗಬೇಡಿ. ಬೋರ್ ಅಳತೆ, ಪಿಸ್ಟನ್ ಗ್ರೂವಿನ ಅಳತೆ ಎರಡೂ ತೆಗೆಸಿ. ಸವೆದ ಗ್ರೂವಿನಲ್ಲಿ ಹೊಸ ರಿಂಗೂ ಹಾಗೇ ಕುಣಿಯುತ್ತದೆ. ಅಲ್ಲಿಯವರೆಗೆ, ಎರಡು ಗೆರೆಗಳ ನಡುವೆ ಹೆಚ್ಚಿನ ಕಾರುಗಳಲ್ಲಿ ಸುಮಾರು 1 ಲೀಟರ್ ಅನ್ನುವುದು ನೆನಪಿರಲಿ. 1000ಕ್ಕೆ 1 ಲೀಟರ್ ತಿನ್ನುವ ಕಾರನ್ನು ಮೇಲಿನ ಗೆರೆಯಿಂದ ಹೊರಡಿಸಿದರೂ 1000 ಕಿ.ಮೀ.ಗೆ ಅದು ಕೆಳಗಿನ ಗೆರೆಯಲ್ಲಿರುತ್ತದೆ, ಮುಕ್ಕಾಲಿಗೆ ತುಂಬಿಸಿದ್ದರೆ 750ಕ್ಕೇ. ಹಾಗಾಗಿ ದೂರದ ದಾರಿಯಲ್ಲಿ ಡೀಸೆಲ್ ಹಾಕಿಸಲು ನಿಂತಾಗೆಲ್ಲ, ಹಾಕಿಸಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ.